ಎಸ್‌ಎಲ್‌ಆರ್ ರೈಫಲ್‌ಗೆ ಗ್ಯಾಸ್ ಎಷ್ಟಕ್ಕೆ ಇಡಬೇಕು?

ಕೇಳಿದವರು, ಮೀಸಲು ಪಡೆಯ ಹೊಸಬ:
ಅಣ್ಣಂದಿರಿಗೆ ನಮಸ್ಕಾರ. ಸೇರಿ ಎಂಟು ತಿಂಗಳಾಯಿತು. ನನ್ನ ಪಾಲಿಗೆ ಬಂದಿರುವುದು ಹಳೇ 7.62 ಎಸ್‌ಎಲ್‌ಆರ್ (ಮುಂದಿನ ಗುಂಡು ತಾನೇ ಏರಿಸಿಕೊಳ್ಳುವ ಸೆಲ್ಫ್ ಲೋಡಿಂಗ್ ರೈಫಲ್). ಹೋದ ವಾರ ರೇಂಜ್‌ನಲ್ಲಿ ಮೂರ್ನಾಲ್ಕು ಗುಂಡಿಗೊಮ್ಮೆ ನಿಂತುಬಿಡುತ್ತಿತ್ತು. ನೋಡಿದರೆ ಮ್ಯಾಗಜೀನ್‌ನಲ್ಲಿ ಗುಂಡಿದೆ, ಚೇಂಬರ್ (ಗುಂಡು ಸಿಡಿಯುವ ಗೂಡು) ಖಾಲಿ. ಪಕ್ಕದವನು ‘ಗ್ಯಾಸ್ ಪೂರ್ತಿ ಬಿಗಿ ಮಾಡು, ನಂದೂ ಹಾಗೇ ಇದೆ’ ಅಂದ. ಮಾಡಿದೆ, ಓಡಿತು. ಆದರೆ ಭುಜ ಬಾತುಕೊಂಡಿದೆ. ಹೀಗೇ ಬಿಡಲಾ?

ನಿವೃತ್ತ ಹವಾಲ್ದಾರ್, ಗೋಕಾಕ ಕಡೆಯವರು:
ತಮ್ಮಾ, ಅವನ ರೈಫಲ್ಲಿನ ಗ್ಯಾಸ್ ಸೆಟ್ಟಿಂಗ್ ತಗೊಂಡು ನೀ ಏನ್ ಮಾಡ್ತಿ? ಚಪ್ಪಲಿ ಅಳತಿ ಒಬ್ಬೊಬ್ಬರದು ಒಂದೊಂದು. ಮೊದಲು ತಿಳ್ಕೊ, ನೀ ಬಿಗಿ ಮಾಡಿದ ರೆಗ್ಯುಲೇಟರ್ ಅಂದ್ರ ಗ್ಯಾಸ್ ಬಿಡೋ ನಲ್ಲಿ ಅಲ್ಲ. ಗುಂಡು ಹೊಡೆದಾಗ ಮದ್ದು ಸುಟ್ಟ ಗ್ಯಾಸ್ ಬ್ಯಾರಲ್‌ನಿಂದ ಬಂದೇ ಬರ್ತದ. ಹೆಚ್ಚಾದದ್ದು ಹೊರಗ ಹೋಗೋ ಕಿಂಡಿ ಒಂದದ, ರೆಗ್ಯುಲೇಟರಿನ ಬಳಿ (ರಿಂಗ್) ಕ್ಲಿಕ್ ಕ್ಲಿಕ್ ಅಂತ ತಿರುಗಿಸಿದ್ರ ಕಿಂಡಿ ತೆರೀತದ, ಮುಚ್ತದ. ಮುಚ್ಚಿದಷ್ಟೂ, ಒಳಗಿನ ಭಾಗ ಹಿಂದ ತಳ್ಳೋ ಪಿಸ್ಟನ್‌ಗೆ ಹೊಡೆತ ಜಾಸ್ತಿ. ಪೂರ್ತಿ ಮುಚ್ಚಿದ್ರ ಒಳಗಿನ ಭಾಗ ಹಿಂದ ಹೋಗಿ ದಡ್ ಅಂತ ಬಡೀತದ. ನಿನ್ನ ಭುಜಕ್ಕ ಬಿದ್ದಿದ್ದು ಅದೇ.

ನಮ್ಮ ಉಸ್ತಾದ್ ಕಲಿಸಿದ್ದು ಹೇಳ್ತೀನಿ. ರೇಂಜ್‌ನಲ್ಲೇ, ಉಸ್ತಾದ್ ಮುಂದೇ ಮಾಡು. ಕಿಂಡಿ ಪೂರ್ತಿ ತೆರಿ. ಮ್ಯಾಗಜೀನ್‌ಗೆ ಎರಡೇ ಗುಂಡು ಹಾಕು. ಒಂದು ಹೊಡದ ಮ್ಯಾಲ ಎರಡನೇದು ತಾನಾಗೇ ಚೇಂಬರ್‌ಗೆ ಏರಲಿಲ್ಲ ಅಂದ್ರ ಒಂದು ಕ್ಲಿಕ್ ಮುಚ್ಚು, ಮತ್ತ ಎರಡು ಗುಂಡು. ಏರೋತನಕ ಹಿಂಗ. ಸಲೀಸಾಗಿ ಓಡಾಕ ಹತ್ತಿದ ಮ್ಯಾಲ ಮಣ್ಣು ಮಸಿಗಂತ ಇನ್ನೆರಡು ಕ್ಲಿಕ್ ಮುಚ್ಚಿ ಬಿಡು. ಹೊಡೆದ ಗುಂಡಿನ ಖಾಲಿ ಕೇಸ್ ಎಲ್ಲಿ ಬೀಳ್ತದ ನೋಡ್ತಾ ಇರು. ಕಾಲಬುಡಕ್ಕ ಬಿದ್ರ ಗ್ಯಾಸ್ ಕಮ್ಮಿ. ಪಕ್ಕದ ಪಕ್ಕದವನ ಕಿವಿ ಹತ್ರ ಹಾರಿದ್ರ ಜಾಸ್ತಿ.

ಆರ್ಮರರ್ (ಆಯುಧ ರಿಪೇರಿಯವರು) ಆಗಿದ್ದವರು, ಹಾಸನ:
ಹವಾಲ್ದಾರ್ ಸಾಹೇಬರು ಹೇಳಿದ್ದು ಸರಿ, ಆದರೆ ಕ್ಲಿಕ್ ಮುಟ್ಟುವ ಮುಂಚೆ ರೈಫಲ್ ಖಾಲಿ ಮಾಡಿ, ಬಿಚ್ಚಿ ನೋಡಪ್ಪ. ‘ಗ್ಯಾಸ್ ಸ್ಟಾಪೇಜ್’ ಅಂತ ಕೋತ್‌ಗೆ (ಶಸ್ತ್ರಾಗಾರಕ್ಕೆ) ತಂದವುಗಳಲ್ಲಿ ನಾನು ಹೆಚ್ಚಾಗಿ ಕಂಡಿದ್ದು ಮಸಿ. ಮುಂತುದಿಯ ಮುಚ್ಚಳ, ಅಂದರೆ ಗ್ಯಾಸ್ ಪ್ಲಗ್ಗಿನ ಒಳಗೆ, ಪಿಸ್ಟನ್ ತಲೆಯ ಮೇಲೆ ಹೆಂಚಿನ ಕರಿಯ ಹಾಗೆ ಗಟ್ಟಿ ಕಟ್ಟಿರುತ್ತದೆ. ಕಾಂಬಿನೇಷನ್ ಟೂಲ್‌ನಿಂದ ಕೆರೆದು ತೆಗಿ. ಆಮೇಲೆ ಪಿಸ್ಟನ್‌ಗೆ ಎಣ್ಣೆ ಹಚ್ಚಬೇಡ! ನಮ್ಮ ಹುಡುಗರು ಪ್ರೀತಿಯಿಂದ ಹಚ್ಚುತ್ತಾರೆ, ಅದು ಸುಟ್ಟು ಮತ್ತೆ ಮಸಿಯೇ. ಅಲ್ಲಿ ಒಣ ಚಿಂದಿ ಸಾಕು.

ಇನ್ನೊಂದು. ಖಾಲಿ ಕೇಸ್ ಚೇಂಬರ್‌ನಲ್ಲೇ ಕಚ್ಚಿಕೊಂಡಿದ್ದರೆ ಗ್ಯಾಸ್ ಹೆಚ್ಚಿಸಬೇಡ. ಅದು ಚೇಂಬರ್ ಕೊಳೆಯೋ, ಕೇಸ್ ಎಳೆಯುವ ಕೊಕ್ಕೆಯ (ಎಕ್ಸ್‌ಟ್ರಾಕ್ಟರ್) ಸವೆತವೋ ಇರಬೇಕು. ಬಲವಾಗಿ ಎಳೆದರೆ ಕೇಸಿನ ಅಂಚು ಕಿತ್ತು ಬರುತ್ತದೆ, ಕೇಸ್ ಅಲ್ಲೇ ಉಳಿಯುತ್ತದೆ.

ಮಡಿಕೇರಿಯಿಂದ:
ನನ್ನದು ಪ್ರತಿ ಗುಂಡಿಗೂ ಕೈಯಲ್ಲೇ ಕಾಕ್ ಮಾಡಬೇಕಾಗಿತ್ತು (ಹಿಡಿ ಹಿಂದೆಳೆದು ಗುಂಡು ಏರಿಸಬೇಕಾಗಿತ್ತು). ಅರ್ಧ ದಿನ ಕ್ಲಿಕ್ ತಿರುಗಿಸಿದೆ. ಕೊನೆಗೆ ಉಸ್ತಾದ್ ಬಂದು ಪ್ಲಗ್ ಅರ್ಧ ಸುತ್ತು ತಿರುಗಿಸಿ ಕೂರಿಸಿದರು. ಗ್ರೆನೇಡ್ ಹಾರಿಸಲು ಗ್ಯಾಸ್ ಪೂರ್ತಿ ಬಂದ್ ಮಾಡುವ ಕಡೆಗೆ ನಾನೇ ಹಾಕಿದ್ದೆ. ಮಿಕ್ಕ ಅರ್ಧ ದಿನ ಮೈದಾನ ಸುತ್ತಿದೆ.

ಟೆಕ್ಸಾಸ್‌ನಲ್ಲಿರುವ ಕನ್ನಡಿಗ:
ನನ್ನ ಬಳಿ ಎಫ್‌ಎನ್ ಎಫ್‌ಎಎಲ್ ರೈಫಲ್ ಇದೆ, ಬಂಗಾಳದ ಇಶಾಪುರದಲ್ಲಿ ತಯಾರಾದ ನಿಮ್ಮ ಎಸ್‌ಎಲ್‌ಆರ್‌ಗೆ ಬೆಲ್ಜಿಯಂನ ಅಣ್ಣ. ಗುಂಡಿನ ಕಂಪನಿ ಬದಲಾದರೂ ಸೆಟ್ಟಿಂಗ್ ಮತ್ತೆ ನೋಡುತ್ತೇನೆ. ಬರೀ ರೇಂಜ್ ಬಳಕೆಯಾದ್ದರಿಂದ ಹೆಚ್ಚುವರಿ ಕ್ಲಿಕ್ ಒಂದೇ ಇಡುತ್ತೇನೆ. ನಿಮ್ಮದು ಕೆಲಸದ ರೈಫಲ್, ಎರಡೇ ಇರಲಿ.

ಹಳೇ ಡ್ರಾಗುನೋವ್ ಸ್ನೈಪರ್ ರೈಫಲ್‌ನವನು:
ನಮ್ಮದರಲ್ಲಿ ಗ್ಯಾಸ್‌ಗೆ ಎರಡೇ ಸ್ಥಾನ, ತಿರುಗಿಸಲು ಗುಂಡಿನ ಕೇಸಿನ ಅಂಚೇ ಸಾಕು. ನಿಮ್ಮ ಕ್ಲಿಕ್ ಪುರಾಣ ಓದಿ ತಲೆ ತಿರುಗಿತು.

ಕೇಳಿದವರು:
ಬಿಚ್ಚಿದೆ. ಪ್ಲಗ್‌ನಿಂದ ಉದುರಿದ ಮಸಿಗೆ ಅಂಗೈ ಕಪ್ಪಾಯಿತು. ಇವತ್ತು ರೇಂಜ್‌ನಲ್ಲಿ ಉಸ್ತಾದ್ ಎದುರೇ ಕಿಂಡಿ ತೆರೆದು ಶುರುಮಾಡಿ, ಮೂರನೇ ಕ್ಲಿಕ್ಕಿಗೆ ಓಡಿತು, ಐದಕ್ಕೆ ಬಿಟ್ಟಿದ್ದೇನೆ. 20 ಗುಂಡು ಒಂದೂ ನಿಲ್ಲದೆ ಹೋಯಿತು. ಪಕ್ಕದವನಿಗೂ ಹೇಳಿದೆ. ಅವನು ಇನ್ನೂ ಬಿಗಿಯಾಗೇ ಇಟ್ಟುಕೊಂಡಿದ್ದಾನೆ, ಕೇಸ್ ನನ್ನ ಕಡೆಗೇ ಹಾರುತ್ತಿವೆ.