ಅಪ್‌ಡೇಟ್: ಗಂಡನ ಫೋನ್ ವಿಷಯ ಕೇಳಿದ್ದೆನಲ್ಲ, ಅದು ಇತ್ಯರ್ಥವಾಯಿತು

ನಾನು ಬದಿಯಡ್ಕ ಕಡೆಯವಳು. ಗಂಡ ಫೋನಿನ ಲಾಕ್ ಬದಲಿಸಿದ್ದಾರೆ, ಮೇಜಿನ ಮೇಲೆ ಬೋರಲು ಹಾಕಿಡುತ್ತಾರೆ, ರಿಂಗಾದರೆ ಅಂಗಳಕ್ಕೆ ಇಳಿಯುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೆ.

ಕದ್ದು ನೋಡು ಅಂದವರೇ ಜಾಸ್ತಿ. ನನಗೆ ಮನಸ್ಸು ಬರಲಿಲ್ಲ. ಮಕ್ಕಳು ಮಲಗಿದ ಮೇಲೆ ನೇರವಾಗಿ ಕೇಳಿದೆ, ಯಾರ ಫೋನು ಅದು? ಅವರು ಗಂಜಿಯ ಬಟ್ಟಲು ಸರಿಸಿ, ಲಾಕ್ ತೆಗೆದು, ಫೋನನ್ನೇ ನನ್ನ ಕೈಗೆ ಕೊಟ್ಟರು.

ಹೆಂಗಸಲ್ಲ, ಸಾಲದ ಆ್ಯಪ್. ಅಡಿಕೆಗೆ ಕೊಳೆರೋಗ ಬಂದು ಫಸಲು ಹೋಗಿತ್ತು, ಮರಕ್ಕೆ ಮದ್ದು ಸಿಂಪಡಿಸುವವರ ಕೂಲಿಗೆ ಅಂತ ಸ್ವಲ್ಪ ತೆಗೆದಿದ್ದರಂತೆ. ಕಟ್ಟಿದಷ್ಟೂ ಬಾಕಿ ಬೆಳೆಯುತ್ತಾ ಹೋಗಿದೆ. ಕೊನೆಗೆ ಆ್ಯಪ್‌ನವರು ನನ್ನ ಫೋಟೋ ಕೆಡಿಸಿ ಕಾಂಟ್ಯಾಕ್ಟಿನಲ್ಲಿದ್ದವರಿಗೆಲ್ಲ ಕಳಿಸುತ್ತೇವೆ ಅಂತ ಹೆದರಿಸಿದ್ದಾರೆ. ಓದುವಾಗ ನನ್ನ ಕೈ ನಡುಗುತ್ತಿತ್ತು.

ಮರುದಿನವೇ ಸೈಬರ್ ಸಹಾಯವಾಣಿ 1930ಕ್ಕೆ ಇಬ್ಬರೂ ಕೂತು ಫೋನ್ ಮಾಡಿದೆವು, ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸ್ಟೇಷನ್‌ಗೂ ದೂರು ಕೊಟ್ಟೆವು. ನಿಮ್ಮ ಮನೆಯಲ್ಲೂ ಹೀಗಾದರೆ ದಯವಿಟ್ಟು ಮೆಸೇಜ್ ಅಳಿಸಬೇಡಿ, ಇನ್ನಷ್ಟು ದುಡ್ಡೂ ಹಾಕಬೇಡಿ.

ಗಂಡನ ಗೆಳೆಯನಿಗೆ ಇದೆಲ್ಲ ನನಗಿಂತ ಮೊದಲೇ ಗೊತ್ತಿತ್ತು. ಅದು ಮಾತ್ರ ಇನ್ನೂ ನೋಯುತ್ತಿದೆ, ಅವರಿಗೂ ಹೇಳಿದ್ದೇನೆ.