ಚಪಲ್ ಯುದ್ಧನೌಕೆ ಮತ್ತು ಕರಾವಳಿಯ ಕೋಟೆ: ಹುಬ್ಬಳ್ಳಿಯಿಂದ ಒಂದೇ ದಿನದಲ್ಲಿ ನೋಡಿ ಬರಬಹುದೇ?

ಪ್ರಶ್ನೆ (ಹುಬ್ಬಳ್ಳಿಯಿಂದ)

ಮಾನ್ಯರೇ, ಡಿಸೆಂಬರ್ ಮೊದಲ ವಾರದಲ್ಲಿ ಇಬ್ಬರು ಮಕ್ಕಳು ಹಾಗೂ ಮೊಣಕಾಲು ನೋವಿರುವ ತಾಯಿಯವರೊಂದಿಗೆ ಕಾರಿನಲ್ಲಿ ಹೊರಟು, ಕಾರವಾರದ ಐಎನ್‌ಎಸ್ ಚಪಲ್ ನೌಕೆಯನ್ನೂ ಹತ್ತಿರದ ಒಂದು ಕೋಟೆಯನ್ನೂ ನೋಡಿಕೊಂಡು ರಾತ್ರಿಯೊಳಗೆ ಮನೆ ಸೇರುವ ಆಲೋಚನೆಯಿದೆ. ಸದಾಶಿವಗಡಕ್ಕೆ ಹೋಗಿ ದುರ್ಗೆಯ ದರ್ಶನ ಮಾಡಬೇಕೆಂಬುದು ತಾಯಿಯವರ ಒಲವು. ಮಿರ್ಜಾನ್ ಕೋಟೆಯೇ ಆಗಬೇಕೆಂಬುದು ಮಕ್ಕಳ ಹಟ. ಚಪಲ್ 1971ರ ಯುದ್ಧದಲ್ಲಿ ಪಾಲ್ಗೊಂಡಿತ್ತೆಂದು ಮಗ ಎಲ್ಲೋ ಓದಿದ್ದಾನೆ. ಅದು ನಿಜವೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಕಾರವಾರದಿಂದ)

ನಿಜವಲ್ಲ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 2005ರಲ್ಲಿ ನಿವೃತ್ತಿಯಾಗಿ, ಮರುವರ್ಷ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಯಿತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ನಡೆಸಿದವು ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ, ಇದೇ ಸೋವಿಯತ್ ಮಾದರಿಯ ಹಿಂದಿನ ಪೀಳಿಗೆಯ ಕ್ಷಿಪಣಿ ದೋಣಿಗಳು. ನೌಕಾಪಡೆ ದಿನವನ್ನು ಅದೇ ದಿನಾಂಕದಂದು ಆಚರಿಸುವುದರಿಂದ ನಿಮ್ಮ ಪ್ರವಾಸದ ವಾರವಂತೂ ಚೆನ್ನಾಗಿ ಕೂಡಿಬಂದಿದೆ. ಅಕ್ಕಪಕ್ಕದಲ್ಲಿ ಎರಡೆರಡರಂತೆ ನಾಲ್ಕು ಕ್ಷಿಪಣಿ ಕೊಳವೆಗಳಿರುವುದನ್ನು ಮಗನಿಗೆ ತೋರಿಸಿ: ಹಿಂದಿನ ಪೀಳಿಗೆಯಲ್ಲಿ ಅವು ಪೆಟ್ಟಿಗೆಯಾಕಾರದಲ್ಲಿದ್ದವು, ಕ್ಷಿಪಣಿಯ ರೆಕ್ಕೆಗಳು ಮಡಚುವಂತಾದ ಮೇಲೆ ದುಂಡಗಾದವು. ಒಟ್ಟು ಉದ್ದ ಸುಮಾರು 39 ಮೀಟರ್ ಮಾತ್ರ. ಇಷ್ಟು ಚಿಕ್ಕ ದೋಣಿಯೊಂದು ತನಗಿಂತ ಎಷ್ಟೋ ಪಟ್ಟು ದೊಡ್ಡ ಹಡಗನ್ನು ದೂರದಿಂದಲೇ ಮುಳುಗಿಸಬಲ್ಲದಾಗಿತ್ತು ಎಂಬುದೇ, ನನ್ನ ಮಟ್ಟಿಗೆ, ಅಲ್ಲಿ ನೋಡಬೇಕಾದ ಸಂಗತಿ.

ಒಳಗಿನ ಏಣಿಗಳು ಕಡಿದಾಗಿವೆ, ಓಡಾಡುವ ದಾರಿ ಇಕ್ಕಟ್ಟು. ತಾಯಿಯವರು ಹೊರಗಿನಿಂದ ನೋಡುವುದೇ ಲೇಸು. ಪಕ್ಕದಲ್ಲಿ, 2017ರಲ್ಲಿ ನಿವೃತ್ತಿಯಾದ ಟುಪೊಲೆವ್ ಕಡಲ ಗಸ್ತು ವಿಮಾನವೂ ನಿಂತಿದೆ.

ಉತ್ತರ (ಅಂಕೋಲಾದಿಂದ)

ಕೋಟೆಯ ವಿಚಾರದಲ್ಲಿ ನಾನು ಮಕ್ಕಳ ಪರ. ಸದಾಶಿವಗಡದ ಗುಡ್ಡದಿಂದ ಕಾಳಿ ನದಿ ಕಡಲು ಸೇರುವ ನೋಟ ಸೊಗಸಾಗಿದ್ದರೂ, ಸೋಂದೆಯ ಅರಸರು ಕಟ್ಟಿಸಿದ ಆ ಕೋಟೆಯಲ್ಲಿ ಈಗ ಉಳಿದಿರುವುದು ಅಲ್ಪ. ಹೆದ್ದಾರಿಯೂ ಗುಡ್ಡವನ್ನೇ ಸೀಳಿಕೊಂಡು ಹೋಗಿದೆ. ಮಿರ್ಜಾನಿನಲ್ಲಿ ಹಾಗಲ್ಲ. ಚಿರೆಕಲ್ಲಿನ ಎರಡು ಸುತ್ತಿನ ಗೋಡೆ, ದುಂಡು ಕೊತ್ತಲಗಳು, ಕಂದಕ, ಬಾವಿಗಳು, ಎಲ್ಲವನ್ನೂ ಕಣ್ಣಾರೆ ಕಾಣಬಹುದು. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಇದನ್ನು ಕಟ್ಟಿಸಿದಳೆಂದು ನಮ್ಮ ಕಡೆ ಹೇಳುತ್ತಾರೆ. ಬಿಜಾಪುರದ ಅಧಿಕಾರಿ ಷರೀಫ್ ಉಲ್ ಮುಲ್ಕ್ ಕಟ್ಟಿಸಿದನೆಂಬ ವಾದವೂ ಇದೆ. ಬಾಗಿಲಿನ ಬಳಿಯ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿದರೆ ಒಳಗೆ ಬಹುಪಾಲು ಸಮತಟ್ಟಾದ ಹುಲ್ಲುನೆಲ.

ಬೆಳಿಗ್ಗೆ ಅಂಕೋಲಾದಿಂದ ಬಲಕ್ಕೆ ತಿರುಗಿ ಮೊದಲು ಕಾರವಾರ ಮುಗಿಸಿ, ಊಟದ ನಂತರ ದಕ್ಷಿಣಕ್ಕೆ ಮಿರ್ಜಾನಿಗೆ ಬನ್ನಿ. ಮರಳುವಾಗ ಅರಬೈಲ್ ಘಟ್ಟದಲ್ಲಿ ಲಾರಿಗಳ ಸಾಲು ಸಿಗುವುದರಿಂದ ನಾಲ್ಕೂವರೆಯ ಹೊತ್ತಿಗೆ ಕೋಟೆ ಬಿಡುವುದು ಒಳ್ಳೆಯದು.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ದುರ್ಗೆಯ ದರ್ಶನ ಬಿಡಲು ತಾಯಿಯವರು ಒಪ್ಪುತ್ತಿಲ್ಲ. ಆದ್ದರಿಂದ ಬೆಳಿಗ್ಗೆ ಐದಕ್ಕೇ ಹೊರಟು ಸದಾಶಿವಗಡದ ದೇವಸ್ಥಾನಕ್ಕೆ ಮಾತ್ರ ಹೋಗಿ, ಆಮೇಲೆ ನೌಕೆ ಮತ್ತು ಮಿರ್ಜಾನ್ ನೋಡುವುದೆಂದು ತೀರ್ಮಾನಿಸಿದ್ದೇವೆ.