ಮೀನಿನ ಮುಳ್ಳು ಚುಚ್ಚಿದ ಕಾಲು: ಸೆಲ್ಯುಲೈಟಿಸೋ (ಚರ್ಮದ ಸೋಂಕು), ನೆಕ್ರೋಟೈಸಿಂಗ್ ಫ್ಯಾಸೈಟಿಸೋ (ಚರ್ಮದಡಿಯ ಪದರವನ್ನೇ ಕೊಲ್ಲುವ ಸೋಂಕು)?

ಪ್ರಶ್ನೆ: ಮಲ್ಪೆ ಬಂದರಿನ ಕೆಲಸಗಾರ, ಸಕ್ಕರೆ ಕಾಯಿಲೆ ಇದೆ. ಮುಳ್ಳು ಚುಚ್ಚಿದ ಮರುದಿನವೇ ಕಾಲು ಊದಿದೆ. ಕೆಂಪು ಸ್ವಲ್ಪವೇ, ನೋವು ವಿಪರೀತ. ಲ್ರಿನೆಕ್ ಅಂಕ (ರಕ್ತಪರೀಕ್ಷೆಗಳಿಂದ ಫ್ಯಾಸೈಟಿಸ್ ಶಂಕೆ ಅಳೆಯುವ ಅಂಕ) 4. ಎಂಆರ್‌ಐಗೆ ಕಾಯಬಹುದೇ?

ಉತ್ತರ 1: ಬೇಡವೇ ಬೇಡ. ಅಂಕ 6ಕ್ಕಿಂತ ಕಡಿಮೆಯಿದ್ದರೂ, ಎಕ್ಸ್‌ರೇಯಲ್ಲಿ ಗ್ಯಾಸ್ ಕಾಣದಿದ್ದರೂ ಫ್ಯಾಸೈಟಿಸ್ ಇಲ್ಲ ಎನ್ನಲಾಗದು. 2 ಸೆಂ.ಮೀ. ಸೀಳಿ ಫ್ಯಾಸಿಯಾವರೆಗೆ (ಸ್ನಾಯುವಿನ ಮೇಲಿನ ಪದರ) ನೋಡಿ. ರಕ್ತ ಒಸರದೆ, ಪಾತ್ರೆ ತೊಳೆದ ನೀರಿನಂಥ ದ್ರವ ಬಂದು, ಬೆರಳಿಗೆ ಪದರ ಸಲೀಸಾಗಿ ಬಿಟ್ಟುಕೊಂಡರೆ ಆಗಲೇ ಸತ್ತ ಅಂಗಾಂಶ ಕತ್ತರಿಸಿ ತೆಗೆಯುವ ಡಿಬ್ರೈಡ್‌ಮೆಂಟ್ ಶುರು ಮಾಡಿ. ಕಲ್ಚರ್‌ಗೆ (ಸೂಕ್ಷ್ಮಾಣು ಬೆಳೆಸಿ ನೋಡುವ ಪರೀಕ್ಷೆ) ಅಂಗಾಂಶ ಕಳಿಸಿ, ಬರೀ ಸ್ವಾಬ್ ಸಾಲದು.

ಉತ್ತರ 2: ಜೊತೆಗೇ ಆ್ಯಂಟಿಬಯೋಟಿಕ್ ಕೊಡಿ: ಮೆರೊಪೆನೆಮ್, ವ್ಯಾಂಕೊಮೈಸಿನ್, ಮತ್ತೆ ಟಾಕ್ಸಿನ್ ತಯಾರಿ ತಡೆಯಲು ಕ್ಲಿಂಡಾಮೈಸಿನ್ 900 ಮಿ.ಗ್ರಾಂ. 8 ಗಂಟೆಗೊಮ್ಮೆ. ಉಪ್ಪುನೀರಿನ ಗಾಯ, ರಕ್ತಗುಳ್ಳೆ ಎಂದರೆ ವಿಬ್ರಿಯೊ (ಕಡಲ ನೀರಿನ ಬ್ಯಾಕ್ಟೀರಿಯಾ) ಇರಬಹುದೆಂದು ಶಂಕಿಸಿ. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. 12 ಗಂಟೆಗೊಮ್ಮೆ ಸೇರಿಸಿ.

ಉತ್ತರ 3: 24 ಗಂಟೆಯೊಳಗೆ ಮತ್ತೆ ತೆರೆದು ನೋಡಿ. ಚರ್ಮ ಉಳಿಸುವ ಆಸೆಗೆ ಕಡಿಮೆ ಕತ್ತರಿಸುವುದೇ ಮಾಮೂಲಿ ಎಡವಟ್ಟು. ನೋವು ಇದ್ದಕ್ಕಿದ್ದಂತೆ ಇಳಿದರೆ ಖುಷಿಪಡಬೇಡಿ, ನರವೇ ಸತ್ತಿರಬಹುದು.